ಪೇಟೆಯ ಹೂಗಿಡಗಳು ಮತ್ತು ಸೂರಕ್ಕಿ: ಒಡ್ಡನ್‌ಛತ್ರಂ ಸುತ್ತಿನ ಮಕರಂದ ಹಕ್ಕಿಗಳ ಪರಿಚಯ

ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ ಎಂದ ಕೂಡಲೇ ನೆನಪಾಗುವುದು ಅಲ್ಲಿನ ತರಕಾರಿ ಮಾರುಕಟ್ಟೆ. ಪಳನಿ ಬೆಟ್ಟಗಳ ತಪ್ಪಲಿನ ಈ ಪಟ್ಟಣದಿಂದ ನುಗ್ಗೆಕಾಯಿ ಸೇರಿದಂತೆ ಹಲವು ತರಕಾರಿಗಳು ಕೇರಳಕ್ಕೆ ಹೋಗುತ್ತವೆ. ನುಗ್ಗೆಯ ಹೂವು ಕಾಯಿಯಾಗಬೇಕಾದರೆ ಮೊದಲು ಪರಾಗಸ್ಪರ್ಶ ನಡೆಯಬೇಕು. ಆ ಹೂವಿಗೆ ಬರುವ ಅತಿಥಿಗಳಲ್ಲಿ ದುಂಬಿಗಳ ಜೊತೆಗೆ ಒಂದು ಪುಟ್ಟ ಹಕ್ಕಿಯೂ ಇದೆ. ಕನ್ನಡದಲ್ಲಿ ಇದರ ಹೆಸರು ಸೂರಕ್ಕಿ, ತಮಿಳಿನಲ್ಲಿ ತೇನ್‌ಚಿಟ್ಟು.

ಹಮ್ಮಿಂಗ್‌ಬರ್ಡ್ ಅಲ್ಲ

ಹೂವಿನ ಮುಂದೆ ಪಟಪಟನೆ ರೆಕ್ಕೆ ಬಡಿಯುವ ಸೂರಕ್ಕಿಯನ್ನು ಹಮ್ಮಿಂಗ್‌ಬರ್ಡ್ ಎಂದು ಕರೆಯುವವರಿದ್ದಾರೆ. ಇದು ಸರಿಯಲ್ಲ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಸುಮಾರು 360 ಜಾತಿಗಳಿದ್ದು, ಅವೆಲ್ಲವೂ ಇಂದು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. 3 ಕೋಟಿ ವರ್ಷಗಳಿಗೂ ಹಿಂದೆ ಯುರೋಪಿನಲ್ಲಿಯೂ ಅವು ಇದ್ದವು ಎಂಬುದು ಜರ್ಮನಿಯಲ್ಲಿ ಸಿಕ್ಕ ಪಳೆಯುಳಿಕೆಗಳಿಂದ 2004ರಲ್ಲಿ ತಿಳಿದುಬಂತು.

ಸೂರಕ್ಕಿಗಳದ್ದು ಬೇರೆಯೇ ಕುಟುಂಬ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತಂತೆಯೇ ಮಕರಂದ ಹೀರುತ್ತದೆ. ಸೂರಕ್ಕಿ ಒಂದೆರಡು ಕ್ಷಣ ಹಾಗೆ ನಿಲ್ಲಬಲ್ಲದಾದರೂ ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತೇ ಕುಡಿಯುತ್ತದೆ. ಆದ್ದರಿಂದ ಕೂರಲು ಗಟ್ಟಿ ಕಡ್ಡಿ ಇರುವ ಗಿಡವೇ ಅದಕ್ಕೆ ಅನುಕೂಲ.

ಮನೆಯಂಗಳದ ಎರಡು ಜಾತಿಗಳು

ದಕ್ಷಿಣ ಭಾರತದ ಊರುಗಳಲ್ಲಿ ಎರಡು ಜಾತಿಯ ಸೂರಕ್ಕಿಗಳು ಹೆಚ್ಚಾಗಿ ಕಾಣುತ್ತವೆ. ಒಂದರ ಗಂಡಿಗೆ ಹೊಟ್ಟೆ ಹಳದಿ, ಬೆನ್ನು ಕಂದುಗೆಂಪು, ಬಾಲದ ಬುಡ ನೇರಳೆ. ಇನ್ನೊಂದರ ಗಂಡು ಮರಿ ಮಾಡುವ ಕಾಲದಲ್ಲಿ ಮೈಯೆಲ್ಲ ಮಿರುಗುವ ಕಡುನೀಲಿಯಾಗಿರುತ್ತದೆ. ಎರಡೂ ಸುಮಾರು 10 ಸೆಂ.ಮೀ. ಉದ್ದ, ತೂಕ 10 ಗ್ರಾಂಗಿಂತ ಕಡಿಮೆ. ನಾರು, ಒಣ ಎಲೆ, ಜೇಡರ ಬಲೆ ಸೇರಿಸಿ ನೇತಾಡುವ ಚೀಲದಂಥ ಗೂಡು ಕಟ್ಟುತ್ತವೆ. ವರಾಂಡದ ತಂತಿ, ಬಟ್ಟೆ ಒಣಹಾಕುವ ಹಗ್ಗದಲ್ಲಿಯೂ ಗೂಡು ಕಾಣುವುದುಂಟು.

ಯಾವ ಹೂವಿಗೆ ಏನು ಲಾಭ?

ಹಾಲವಾಣ (ಕಲ್ಯಾಣ ಮುರುಂಗೈ), ಅಗಸೆ ಮರ (ಅಗತ್ತಿ), ಬಾಳೆ, ದಾಸವಾಳ ಇವೆಲ್ಲ ಸೂರಕ್ಕಿಯ ಊಟದ ಮನೆಗಳು. ಹಕ್ಕಿ ಕೊಕ್ಕು ತೂರಿಸಿದಾಗ ಹಣೆ, ಗಂಟಲಿಗೆ ಪರಾಗ ಅಂಟಿ ಮುಂದಿನ ಹೂವಿಗೆ ಸಾಗುತ್ತದೆ. ಆದರೆ ಎಲ್ಲ ಭೇಟಿಯೂ ಹೂವಿಗೆ ಲಾಭವಲ್ಲ. ದಾಸವಾಳದ ಬುಡಕ್ಕೆ ಪಕ್ಕದಿಂದ ತೂತು ಮಾಡಿ ಮಕರಂದ ಕದಿಯುವುದೂ ಇದೇ ಹಕ್ಕಿ. ಉದ್ಯಾನಗಳಲ್ಲಿ ಬೆಳೆಸುವ ಹ್ಯಾಮೀಲಿಯಾ ಅಮೆರಿಕದ ಗಿಡ. ಅಲ್ಲಿ ಅದರ ಕಿತ್ತಳೆ ಬಣ್ಣದ ಹೂವಿಗೆ ಹಮ್ಮಿಂಗ್‌ಬರ್ಡ್ ಬಂದರೆ, ಇಲ್ಲಿ ಸೂರಕ್ಕಿ ಬರುತ್ತದೆ.

ನುಗ್ಗೆಗೆ ಸೂರಕ್ಕಿ ಬಂದರೂ ಮುಖ್ಯ ಕೆಲಸ ಮಾಡುವವು ಮರ ಕೊರೆಯುವ ದೊಡ್ಡ ಕಪ್ಪು ದುಂಬಿಗಳು ಎಂದು ಆಂಧ್ರ ವಿಶ್ವವಿದ್ಯಾಲಯದ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿದೆ.

ಮಾವಿನ ಮರದ ಬದನಿಕೆ

ಸೂರಕ್ಕಿಯ ಇನ್ನೊಂದು ಕೆಲಸ ಮಾವು ಬೆಳೆಗಾರರಿಗೆ ಇಷ್ಟವಾಗದು. ಮಾವಿನ ಕೊಂಬೆಯ ಮೇಲೆ ಬೆಳೆದು ಅದರ ರಸ ಹೀರುವ ಬದನಿಕೆಯ (ಪುಲ್ಲುರುವಿ) ಬಲಿತ ಮೊಗ್ಗನ್ನು ಸೂರಕ್ಕಿ ಕೊಕ್ಕಿನಿಂದ ಒತ್ತಿದಾಗ ಅದು ಥಟ್ಟನೆ ಬಿರಿದು ಪರಾಗ ಚಿಮ್ಮುತ್ತದೆ. ಮುಂದೆ ಅದರ ಹಣ್ಣನ್ನು ಇನ್ನೂ ಚಿಕ್ಕದಾದ ಬದನಿಕೆ ಹಕ್ಕಿ ನುಂಗಿ, ಅಂಟು ಬೀಜವನ್ನು ಬೇರೆ ಕೊಂಬೆಗೆ ಒರೆಸುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಕೊಂಕಣ ಪ್ರದೇಶದಲ್ಲಿ ಇದನ್ನು ಗಮನಿಸಿ 1931ರಲ್ಲಿಯೇ ಬರೆದಿದ್ದರು. ಇದಕ್ಕೆ ಪರಿಹಾರ ಹಕ್ಕಿಯನ್ನು ಓಡಿಸುವುದಲ್ಲ. ಹಣ್ಣಾಗುವ ಮೊದಲೇ, ಬದನಿಕೆ ಬೇರೂರಿದ ಜಾಗಕ್ಕಿಂತ ಕೆಳಗೆ ಕೊಂಬೆ ಕತ್ತರಿಸಿದರೆ ಸಾಕು.

ಔಷಧಿ ಸಿಂಪಡಿಸುವಾಗ ಎಚ್ಚರ

ಸೂರಕ್ಕಿ ಮಕರಂದ ಕುಡಿದರೂ ಮರಿಗಳಿಗೆ ಉಣಿಸುವುದು ಹುಳು ಮತ್ತು ಜೇಡಗಳನ್ನು. ಅಂಗಳದ ಗಿಡಕ್ಕೆ ಔಷಧಿ ಹೊಡೆದರೆ ಆ ಮರಿಗಳ ಊಟವೇ ಇಲ್ಲವಾಗುತ್ತದೆ. ಗಿಡದೊಳಗೆ ಇಳಿಯುವ ಕೀಟನಾಶಕಗಳು ಮಕರಂದಕ್ಕೂ ಸೇರಬಲ್ಲವು. ನುಗ್ಗೆ ತೋಟದಲ್ಲಿ ಹೂ ಅರಳಿದ ಹೊತ್ತಿನಲ್ಲಿ ಸಿಂಪಡಿಸಿದರೆ ದುಂಬಿಗಳು ಸಾಯುತ್ತವೆ. ಕಾಯಿ ಕಚ್ಚುವುದು ಕಡಿಮೆಯಾದರೆ ನಷ್ಟ ರೈತನಿಗೇ.

ಪೇಟೆಯ ಮನೆಯಲ್ಲಿ ಜಾಗ ಕಡಿಮೆ ಇದ್ದರೂ ಒಂದು ದಾಸವಾಳ, ಒಂದು ಬಾಳೆ ನೆಡಬಹುದು. ಶಾಲೆ, ದೇವಸ್ಥಾನದ ಆವರಣದಲ್ಲಿ ಹಾಲವಾಣ, ಅಗಸೆಗೆ ಜಾಗ ಸಿಗುತ್ತದೆ. ಬೇರೆ ಬೇರೆ ಕಾಲದಲ್ಲಿ ಹೂ ಬಿಡುವ ಗಿಡಗಳಿದ್ದರೆ ಹಕ್ಕಿಗೆ ವರ್ಷವಿಡೀ ಆಹಾರ ದೊರೆಯುತ್ತದೆ. ಗೂಡು ಕಂಡರೆ ಮರಿಗಳು ಹಾರಿಹೋಗುವವರೆಗೆ ಆ ಕೊಂಬೆಯನ್ನಾಗಲಿ ಹಗ್ಗವನ್ನಾಗಲಿ ಮುಟ್ಟದಿರುವುದು ಒಳ್ಳೆಯದು.