ವೆರ್ಗಿನಾ ಸಮಾಧಿ: ಒಂದೇ ದಿಬ್ಬದಡಿ ಅಲೆಕ್ಸಾಂಡರ್‌ ಕುಟುಂಬ, ಅಪ್ಪ ಮಲಗಿರುವುದು ಯಾವ ಗೋರಿಯಲ್ಲಿ?

ಜಗತ್ತನ್ನೇ ಗೆಲ್ಲಲು ಹೊರಟ ಅಲೆಕ್ಸಾಂಡರ್‌ನ ಸಮಾಧಿ ಇಂದಿಗೂ ಪತ್ತೆಯಾಗಿಲ್ಲ. ಆದರೆ ಅವನ ಕುಟುಂಬದ ಸಮಾಧಿಗಳು ಸಿಕ್ಕಿವೆ. 1977ರ ನವೆಂಬರ್‌ನಲ್ಲಿ ಗ್ರೀಸ್‌ನ ಒಂದು ಹಳ್ಳಿಯಲ್ಲಿ ಮಣ್ಣಿನ ದಿಬ್ಬವನ್ನು ಅಗೆದಾಗ, 2,300 ವರ್ಷಗಳಿಂದ ಯಾರ ಕೈಯೂ ಸೋಕದ ರಾಜಸಮಾಧಿಯೊಂದು ಬೆಳಕಿಗೆ ಬಂತು. ಚಿನ್ನದ ಪೆಟ್ಟಿಗೆ, ಚಿನ್ನದ ಎಲೆಗಳ ಕಿರೀಟ, ಕವಚ, ವರ್ಣಚಿತ್ರ ಎಲ್ಲವೂ ಅಲ್ಲಿದ್ದವು. ಇಲ್ಲದಿದ್ದುದು ಒಂದೇ: ಸತ್ತವರ ಹೆಸರು. ಅಂದು ಶುರುವಾದ 'ಇದು ಯಾರ ಗೋರಿ?' ಎಂಬ ವಾದ ಅರ್ಧ ಶತಮಾನ ಸಮೀಪಿಸುತ್ತಿದ್ದರೂ ಮುಗಿದಿಲ್ಲ.

ಎಲ್ಲಿದೆ ಈ ವೆರ್ಗಿನಾ?

ಉತ್ತರ ಗ್ರೀಸ್‌ನ ದೊಡ್ಡ ನಗರ ಥೆಸಲೋನಿಕಿಯಿಂದ ಸುಮಾರು 75 ಕಿ.ಮೀ. ದೂರದಲ್ಲಿರುವ ಪುಟ್ಟ ಊರು ವೆರ್ಗಿನಾ. ಪ್ರಾಚೀನ ಮ್ಯಾಸಿಡೋನಿಯಾ ರಾಜ್ಯದ ಮೊದಲ ರಾಜಧಾನಿ ಐಗೈ ಇದ್ದದ್ದು ಇಲ್ಲೇ. ಮುಂದೆ ರಾಜಧಾನಿ ಪೆಲ್ಲಾ ನಗರಕ್ಕೆ ಹೋಯಿತು. ಆದರೂ ರಾಜರನ್ನು ಮಣ್ಣು ಮಾಡಲು ಐಗೈಗೇ ತರುವ ಸಂಪ್ರದಾಯ ಮುಂದುವರಿಯಿತು.

ಅಲೆಕ್ಸಾಂಡರ್‌ನ ತಂದೆ ಎರಡನೇ ಫಿಲಿಪ್‌ ಕೊಲೆಯಾದದ್ದೂ ಇದೇ ಊರಲ್ಲಿ. ಕ್ರಿ.ಪೂ. 336ರಲ್ಲಿ ಮಗಳ ಮದುವೆಯ ಸಂಭ್ರಮದ ನಡುವೆ, ಐಗೈ ರಂಗಮಂದಿರಕ್ಕೆ ಕಾಲಿಡುತ್ತಿದ್ದಾಗ ಅಂಗರಕ್ಷಕ ಪೌಸಾನಿಯಸ್‌ ಅವನನ್ನು ಇರಿದು ಕೊಂದ. 20 ವರ್ಷದ ಅಲೆಕ್ಸಾಂಡರ್‌ ರಾಜನಾದ. ಹತ್ತು ವರ್ಷಗಳ ನಂತರ ಜೀಲಂ ನದಿಯ ದಂಡೆಯಲ್ಲಿ ಪೋರಸ್‌ನ ಎದುರು ನಿಂತದ್ದು ಇವನೇ.

ದಿಬ್ಬದ ಮಣ್ಣಿನಲ್ಲೇ ಸಿಕ್ಕಿತು ಸುಳಿವು

19ನೇ ಶತಮಾನದಲ್ಲೇ ಫ್ರಾನ್ಸ್‌ನ ಲೆಯೋನ್‌ ಹ್ಯೂಜೆ ಇಲ್ಲಿ ಹಳೆಯ ಅರಮನೆಯ ಅವಶೇಷಗಳನ್ನು ಗುರುತಿಸಿದ್ದರು. ಆದರೆ ಇದೇ ಐಗೈ ಎಂದು ಅವರಿಗೆ ಹೊಳೆಯಲಿಲ್ಲ. 1968ರಲ್ಲಿ ಬ್ರಿಟಿಷ್‌ ಇತಿಹಾಸಕಾರ ನಿಕೋಲಸ್‌ ಹ್ಯಾಮಂಡ್‌ ವೆರ್ಗಿನಾವೇ ಐಗೈ ಎಂದು ವಾದಿಸಿದಾಗ ಒಪ್ಪಿದವರು ಕಡಿಮೆ.

ಥೆಸಲೋನಿಕಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮನೋಲಿಸ್‌ ಆಂಡ್ರೋನಿಕೋಸ್‌ ಅವರಿಗೆ ಈ ಊರು ವಿದ್ಯಾರ್ಥಿ ದಿನಗಳಿಂದಲೇ ಪರಿಚಿತ. ಅವರ ಕಣ್ಣು ನೆಟ್ಟಿದ್ದು 'ಮಹಾದಿಬ್ಬ'ದ ಮೇಲೆ. ಸುಮಾರು 110 ಮೀಟರ್‌ ಅಗಲ, 12 ಮೀಟರ್‌ಗೂ ಹೆಚ್ಚು ಎತ್ತರದ ಈ ದಿಬ್ಬ ಮನುಷ್ಯರೇ ಮಣ್ಣು ಸುರಿದು ಕಟ್ಟಿದ್ದು.

ಅಗೆಯುತ್ತಾ ಹೋದಂತೆ ಮಣ್ಣಿನಲ್ಲಿ ಒಡೆದ ಸಮಾಧಿ ಕಲ್ಲುಗಳ ಚೂರುಗಳು ಸಿಗತೊಡಗಿದವು. ಇಷ್ಟೊಂದು ಸಮಾಧಿಗಳನ್ನು ಒಡೆದವರು ಯಾರು? ಉತ್ತರ ಹಳೆಯ ಗ್ರಂಥದಲ್ಲಿತ್ತು. ಕ್ರಿ.ಪೂ. 274ರ ಸುಮಾರಿಗೆ ರಾಜ ಪಿರ್ಹಸ್‌ನ ಗಾಲ್‌ ಕೂಲಿ ಸೈನಿಕರು ಐಗೈನ ರಾಜಸಮಾಧಿಗಳನ್ನು ದೋಚಿ, ಮೂಳೆಗಳನ್ನು ಚೆಲ್ಲಾಡಿದರು ಎಂದು ಪ್ಲುಟಾರ್ಕ್‌ ಬರೆದಿದ್ದಾನೆ. ಒಡೆದ ಕಲ್ಲುಗಳು ಆ ಲೂಟಿಯ ಗುರುತು ಎಂದಾದರೆ ಇದೇ ಐಗೈ. ಲೂಟಿಯ ನಂತರ ಉಳಿದ ಗೋರಿಗಳ ರಕ್ಷಣೆಗಾಗಿ ರಾಜ ಆಂಟಿಗೋನಸ್‌ ಗೋನಾಟಸ್‌ ಈ ಬೃಹತ್‌ ದಿಬ್ಬ ಹಾಕಿಸಿರಬೇಕು ಎಂಬುದು ತಜ್ಞರ ಅಂದಾಜು.

ನವೆಂಬರ್‌ 8, 1977

ಮೊದಲು ಸಿಕ್ಕಿದ ಗೋರಿಯನ್ನು ಕಳ್ಳರು ಹಿಂದೆಯೇ ಬರಿದು ಮಾಡಿದ್ದರು. ಪಕ್ಕದ ದೊಡ್ಡ ಗೋರಿಯ ಬಾಗಿಲು ಮಾತ್ರ ಭದ್ರವಾಗಿತ್ತು. ಹಿಂಬದಿಯಲ್ಲಿ ಕಮಾನು ಛಾವಣಿಯ ಒಂದು ಕಲ್ಲನ್ನು ಎತ್ತಿ, ಆಂಡ್ರೋನಿಕೋಸ್‌ ಏಣಿ ಹಿಡಿದು ಒಳಗಿಳಿದರು.

ನೆಲದ ಮೇಲೆ ಬೆಳ್ಳಿ ಮತ್ತು ಕಂಚಿನ ಪಾತ್ರೆಗಳು, ಕಬ್ಬಿಣದ ಶಿರಸ್ತ್ರಾಣ, ಚಿನ್ನದ ಅಲಂಕಾರವಿದ್ದ ಕಬ್ಬಿಣದ ಎದೆಕವಚ, ದಂತ ಮತ್ತು ಚಿನ್ನದ ಕೆಲಸವಿದ್ದ ಗುರಾಣಿ. ಗೋಡೆಯ ಬಳಿ ಒಂದು ಅಮೃತಶಿಲೆಯ ಪೆಟ್ಟಿಗೆ. ಅದನ್ನು ತೆರೆದರೆ ಒಳಗೆ ಮತ್ತೊಂದು, ಅಪ್ಪಟ ಚಿನ್ನದ್ದು. ಮುಚ್ಚಳದ ಮೇಲೆ 16 ಕಿರಣಗಳ ನಕ್ಷತ್ರ. ಒಳಗೆ ಸುಟ್ಟ ಮೂಳೆಗಳು, ಜತೆಗೆ ಓಕ್‌ ಮರದ ಎಲೆಗಳಂತೆ ಮಾಡಿದ ಚಿನ್ನದ ಕಿರೀಟ. ಅದರಲ್ಲಿ 313 ಎಲೆಗಳು, 68 ಕಾಯಿಗಳು ಉಳಿದಿವೆ. ತೂಕ ಸುಮಾರು 700 ಗ್ರಾಂ.

ಮುಂಗೋಣೆಯಲ್ಲೂ ಒಂದು ಚಿನ್ನದ ಪೆಟ್ಟಿಗೆ ಇತ್ತು. ಅದರ ಮುಚ್ಚಳದ ನಕ್ಷತ್ರಕ್ಕೆ 12 ಕಿರಣ. ಚಿನ್ನದ ಎಳೆ ಸೇರಿಸಿ ನೇಯ್ದ ನೇರಳೆ ಬಟ್ಟೆಯಲ್ಲಿ ಸುತ್ತಿದ್ದ ಅದರೊಳಗಿನ ಮೂಳೆಗಳು ಒಬ್ಬ ಹೆಣ್ಣುಮಗಳದ್ದು. ಗೋರಿಯ ಮುಂಭಾಗದಲ್ಲಿ ಬಾಗಿಲ ಮೇಲೆ ಉದ್ದಕ್ಕೂ ಬೇಟೆಯ ವರ್ಣಚಿತ್ರ. ಅದರ ನಡುವೆ ಕುದುರೆ ಏರಿದ ಯುವಕ ಅಲೆಕ್ಸಾಂಡರ್‌ ಎಂದು ಹಲವರು ನಂಬುತ್ತಾರೆ.

ದಿಬ್ಬದ ಕೆಳಗಿನ ನಾಲ್ಕು ಗೋರಿಗಳು

* ಮೊದಲನೇ ಗೋರಿ: ಕಳ್ಳರು ದೋಚಿದ್ದು. ಪಾತಾಳದ ದೇವರು ಹೇಡಿಸ್‌, ಪರ್ಸೆಫೋನೆಯನ್ನು ರಥದಲ್ಲಿ ಹೊತ್ತೊಯ್ಯುವ ಅಪರೂಪದ ಚಿತ್ರ ಗೋಡೆಯ ಮೇಲಿದೆ. ಸುಡದೆ ಹೂಳಿದ್ದ ಗಂಡಸು, ಹೆಂಗಸು ಮತ್ತು ಹಸುಳೆಯ ಮೂಳೆಗಳು ಸಿಕ್ಕಿವೆ.
* ಎರಡನೇ ಗೋರಿ: 1977ರಲ್ಲಿ ತೆರೆದದ್ದು. ಇಡೀ ವಿವಾದದ ಕೇಂದ್ರ ಇದೇ.
* ಮೂರನೇ ಗೋರಿ: 1978ರಲ್ಲಿ ಪತ್ತೆಯಾಯಿತು. ಇದೂ ಲೂಟಿಯಾಗಿರಲಿಲ್ಲ. ಹದಿಹರೆಯದ ಹುಡುಗನ ಸುಟ್ಟ ಮೂಳೆಗಳನ್ನು ಬೆಳ್ಳಿಯ ಕೊಡದಲ್ಲಿ ಇಟ್ಟು, ಕೊರಳಿಗೆ ಚಿನ್ನದ ಎಲೆಗಳ ಮಾಲೆ ಹಾಕಲಾಗಿತ್ತು.
* ನಾಲ್ಕನೇ ಗೋರಿ: ಲೂಟಿಯಾಗಿ, ಕುಸಿದು, ಕಂಬಗಳ ಅವಶೇಷವಷ್ಟೇ ಉಳಿದಿದೆ.

ಮೂರನೇ ಗೋರಿಯ ಹುಡುಗ ನಾಲ್ಕನೇ ಅಲೆಕ್ಸಾಂಡರ್‌, ಅಂದರೆ ಅಲೆಕ್ಸಾಂಡರ್‌ ಮತ್ತು ರೊಕ್ಸಾನಾ ದಂಪತಿಯ ಮಗ ಎಂಬುದು ಹೆಚ್ಚಿನ ತಜ್ಞರ ಅಭಿಪ್ರಾಯ. ಅಪ್ಪ ಬ್ಯಾಬಿಲೋನ್‌ನಲ್ಲಿ ತೀರಿಕೊಂಡ ಮೇಲೆ ಹುಟ್ಟಿದ ಈ ಮಗುವೇ ವಂಶದ ಕೊನೆಯ ಕುಡಿಗಳಲ್ಲಿ ಒಂದು. ಕ್ರಿ.ಪೂ. 310ರ ಸುಮಾರಿಗೆ ಸೇನಾನಿ ಕಸಾಂಡರ್‌ ತಾಯಿ-ಮಗ ಇಬ್ಬರನ್ನೂ ಕೊಲ್ಲಿಸಿದ.

ಇಬ್ಬರು ಫಿಲಿಪ್‌ಗಳು, ಎರಡು ಗೋರಿಗಳು

ಎರಡನೇ ಗೋರಿ ಎರಡನೇ ಫಿಲಿಪ್‌ನದ್ದೇ ಎಂಬುದು ಆಂಡ್ರೋನಿಕೋಸ್‌ ಅವರ ನಿಲುವು. ಗೋರಿಯ ವೈಭವ, ಆಯುಧಗಳು, ನಡುವಯಸ್ಸಿನ ಗಂಡಸಿನ ಮೂಳೆ ಎಲ್ಲವೂ ಹೊಂದುತ್ತಿದ್ದವು. ಯುದ್ಧದಲ್ಲಿ ಗಾಯಗೊಂಡು ಫಿಲಿಪ್‌ ಕುಂಟನಾಗಿದ್ದ. ಮುಂಗೋಣೆಯಲ್ಲಿ ಸಿಕ್ಕ ಕಾಲುಕವಚಗಳ ಜೋಡಿಯಲ್ಲಿ ಒಂದು ಗಿಡ್ಡ, ಇನ್ನೊಂದು ಉದ್ದ! ಫಿಲಿಪ್‌ ಬಾಣದ ಪೆಟ್ಟಿಗೆ ಬಲಗಣ್ಣನ್ನೂ ಕಳೆದುಕೊಂಡಿದ್ದ. 1980ರ ದಶಕದಲ್ಲಿ ಬ್ರಿಟಿಷ್‌ ತಜ್ಞರು ತಲೆಬುರುಡೆಯ ಆಧಾರದಲ್ಲಿ ಮುಖವನ್ನು ಮರುರಚಿಸಿ, ಆ ಗಾಯದ ಗುರುತು ಇದೆ ಎಂದರು.

ಇನ್ನೊಂದು ಬಣದ ಪ್ರಕಾರ ಇದು ಅಲೆಕ್ಸಾಂಡರ್‌ನ ಮಲಸಹೋದರ ಮೂರನೇ ಫಿಲಿಪ್‌ ಅರಿಡೇಯಸ್‌ನ ಗೋರಿ. ಅಲೆಕ್ಸಾಂಡರ್‌ನ ತಾಯಿ ಒಲಿಂಪಿಯಾಸ್‌ ಕ್ರಿ.ಪೂ. 317ರಲ್ಲಿ ಅವನನ್ನು ಕೊಲ್ಲಿಸಿ, ಹೆಂಡತಿ ಯೂರಿಡಿಸೆ ಆತ್ಮಹತ್ಯೆ ಮಾಡಿಕೊಳ್ಳುವಂತೆ ಮಾಡಿದಳು. ನಂತರ ಕಸಾಂಡರ್‌ ಇಬ್ಬರಿಗೂ ಐಗೈನಲ್ಲಿ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಸಿದ. 2000ನೇ ಇಸವಿಯಲ್ಲಿ ಆಂಟೋನಿಸ್‌ ಬಾರ್ಟ್ಸಿಯೋಕಾಸ್‌ ಎಂಬ ತಜ್ಞ, ಕಣ್ಣಿನ ಗಾಯದ ಗುರುತೇ ಇಲ್ಲ, ಮೂಳೆಗಳು ಒಣಗಿದ ಮೇಲೆ ಸುಟ್ಟಂತಿವೆ ಎಂದು ವಾದಿಸಿದರು. ಮೊದಲು ಹೂತು, ಆಮೇಲೆ ಹೊರತೆಗೆದು ಸುಟ್ಟಿದ್ದರೆ ಅದು ಅರಿಡೇಯಸ್‌ನ ಕಥೆಗೆ ಹೊಂದುತ್ತದೆ. ಈ ವಾದವನ್ನು ಎದುರು ಬಣ ಅಲ್ಲಗಳೆಯಿತು.

2015ರಲ್ಲಿ ಒಂದೇ ವರ್ಷ ಎರಡು ತದ್ವಿರುದ್ಧ ಅಧ್ಯಯನಗಳು ಬಂದವು. ಮೊದಲನೇ ಗೋರಿಯ ಗಂಡಸಿನ ಮಂಡಿಯ ಮೂಳೆಗಳು ಬೆಸೆದುಕೊಂಡಿವೆ, ಕುಂಟ ಫಿಲಿಪ್‌ ಇವನೇ, ಜತೆಗಿರುವುದು ಅವನ ಕೊನೆಯ ಹೆಂಡತಿ ಕ್ಲಿಯೋಪಾತ್ರ ಮತ್ತು ಹಸುಳೆ ಎಂದು ಬಾರ್ಟ್ಸಿಯೋಕಾಸ್‌ ತಂಡ ಹೇಳಿತು. (ಈಕೆ ಈಜಿಪ್ಟ್‌ನ ರಾಣಿ ಅಲ್ಲ.) ಫಿಲಿಪ್‌ ಸತ್ತ ಮೇಲೆ ಈ ತಾಯಿ-ಮಗುವಿನ ಸಾವಿಗೂ ಒಲಿಂಪಿಯಾಸ್‌ ಕಾರಣಳಾಗಿದ್ದಳು. ಇತ್ತ ಥಿಯೋಡೋರ್‌ ಆಂಟಿಕಾಸ್‌ ತಂಡ ಎರಡನೇ ಗೋರಿಯ ಹೆಂಗಸಿನ ಎಡಗಾಲಿನ ಮೂಳೆ ಮುರಿದು ಗಿಡ್ಡವಾಗಿತ್ತು, ಆ ಜೋಡಿ ಕಾಲುಕವಚ ಅವಳದ್ದೇ ಎಂದಿತು. ಆಕೆ 30ರ ಆಸುಪಾಸಿನವಳು. ಯೂರಿಡಿಸೆ ಸತ್ತಾಗ ಇನ್ನೂ ಎಳೆಯ ವಯಸ್ಸು. ಹಾಗಾಗಿ ಇದು ಎರಡನೇ ಫಿಲಿಪ್‌ನದ್ದೇ ಎಂಬುದು ಅವರ ತೀರ್ಮಾನ.

2025ರಲ್ಲಿ ಪ್ರಕಟವಾದ ಅಧ್ಯಯನ ಮೊದಲನೇ ಗೋರಿಯ ಮೂಳೆಗಳ ಕಾಲವನ್ನೇ ಅಳೆಯಿತು. ಅದರ ಪ್ರಕಾರ ಅಲ್ಲಿನ ಗಂಡಸು ಕ್ರಿ.ಪೂ. 388ರಿಂದ 356ರ ನಡುವೆ, 25-35ರ ವಯಸ್ಸಿನಲ್ಲಿ ಸತ್ತವನು. ಕೊಲೆಯಾದಾಗ ಫಿಲಿಪ್‌ಗೆ 46 ವರ್ಷ. ಅಂದರೆ ಮೊದಲನೇ ಗೋರಿ ಅವನದ್ದಾಗಲು ಸಾಧ್ಯವಿಲ್ಲ. ಇದರಿಂದ ಆಂಡ್ರೋನಿಕೋಸ್‌ ವಾದಕ್ಕೆ ಬಲ ಬಂದಿದೆ.

ಹೆಸರಿಗಾಗಿ ಇಷ್ಟು ಜಗಳ ಏಕೆ?

ಎರಡನೇ ಗೋರಿ ತಂದೆಯದ್ದಾದರೆ, ಅದನ್ನು ಮುಚ್ಚಿಸಿದವನು ಸ್ವತಃ ಅಲೆಕ್ಸಾಂಡರ್‌. ಬಾಗಿಲ ಮೇಲಿನ ಚಿತ್ರ ಅವನ ಜೀವಿತಕಾಲದ್ದೇ ಆಗುತ್ತದೆ. ಮಲಸಹೋದರನದ್ದಾದರೆ ಒಳಗಿನ ಕೆಲವು ಆಯುಧಗಳು ಅಲೆಕ್ಸಾಂಡರ್‌ ಬಳಸಿದ್ದೇ ಇರಬಹುದು ಎಂದು ಅಮೆರಿಕದ ಇತಿಹಾಸಕಾರ ಯೂಜೀನ್‌ ಬೋರ್ಜಾ ವಾದಿಸಿದ್ದರು.

ಇದರಲ್ಲಿ ರಾಜಕೀಯವೂ ಸೇರಿತು. ಯುಗೊಸ್ಲಾವಿಯಾದಿಂದ ಬೇರೆಯಾದ ಮ್ಯಾಸಿಡೋನಿಯಾ 1992ರಲ್ಲಿ ಚಿನ್ನದ ಪೆಟ್ಟಿಗೆಯ ಮೇಲಿದ್ದ 16 ಕಿರಣಗಳ ನಕ್ಷತ್ರವನ್ನು ತನ್ನ ಬಾವುಟಕ್ಕೆ ಹಾಕಿಕೊಂಡಿತು. 'ಇದು ನಮ್ಮ ಪರಂಪರೆ' ಎಂದು ಗ್ರೀಸ್‌ ಕೆರಳಿತು, 1994ರಲ್ಲಿ ವ್ಯಾಪಾರ ದಿಗ್ಬಂಧನ ಹೇರಿತು. 1995ರಲ್ಲಿ ಬಾವುಟ ಬದಲಾಯಿತು. 2018ರ ಒಪ್ಪಂದದ ನಂತರ ಆ ದೇಶದ ಹೆಸರೂ 'ಉತ್ತರ ಮ್ಯಾಸಿಡೋನಿಯಾ' ಆಯಿತು.

ಈಗ ಅಲ್ಲಿ ಏನಿದೆ?

ಐಗೈ 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಉತ್ಖನನಕ್ಕಾಗಿ ತೆಗೆದ ದಿಬ್ಬದ ಜಾಗದಲ್ಲಿ ಅದೇ ಆಕಾರದ ಹೊದಿಕೆ ಕಟ್ಟಿ, ಗೋರಿಗಳನ್ನು ಇದ್ದಲ್ಲೇ ಉಳಿಸಿಕೊಂಡು ಅದರಡಿ ಮ್ಯೂಸಿಯಂ ಮಾಡಲಾಗಿದೆ. ಚಿನ್ನದ ಪೆಟ್ಟಿಗೆ, ಕಿರೀಟಗಳನ್ನು ಅಲ್ಲೇ ನೋಡಬಹುದು. ಅಲೆಕ್ಸಾಂಡರ್‌ಗೆ ಪಟ್ಟ ಕಟ್ಟಿದ ಅರಮನೆ ವರ್ಷಗಳ ದುರಸ್ತಿಯ ನಂತರ 2024ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆದಿದೆ. ಆಂಡ್ರೋನಿಕೋಸ್‌ 1992ರಲ್ಲಿ ನಿಧನರಾದರು.

ಅಲೆಕ್ಸಾಂಡರ್‌ ಮಾತ್ರ ಈ ದಿಬ್ಬದಡಿ ಇಲ್ಲ. ಅವನ ಶವವನ್ನು ಸೇನಾನಿ ಟಾಲೆಮಿ ದಾರಿಯಲ್ಲೇ ವಶಪಡಿಸಿಕೊಂಡು ಈಜಿಪ್ಟ್‌ಗೆ ಒಯ್ದ. ಮನೆಯವರೇ ಮನೆಯವರನ್ನು ಕೊಂದ ಕುಟುಂಬ ಇಂದು ಐಗೈನಲ್ಲಿ ಅಕ್ಕಪಕ್ಕದಲ್ಲಿ ಮಲಗಿದೆ. ಅವರೆಲ್ಲರ ಹೆಸರು ನಮಗೆ ಗೊತ್ತು. ಯಾವ ಮೂಳೆಗೆ ಯಾವ ಹೆಸರು ಎಂಬುದಷ್ಟೇ ಇನ್ನೂ ಇತ್ಯರ್ಥವಾಗಬೇಕಿದೆ.