ತಿನ್ನೋ ಹಕ್ಕಿಯೇ ಬಣ್ಣ ಉಳಿಸಿದ ಕಥೆ

ಬಸವನಹುಳು ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಕಂದು ಬಣ್ಣವೇ ನೆನಪಾಗುತ್ತೆ. ಆದ್ರೆ ಇಂಗ್ಲೆಂಡಿನಲ್ಲಿ ಸಿಗೋ ಸೆಪಿಯಾ ನೆಮೊರಾಲಿಸ್ ಅನ್ನೋ ಜಾತಿಯಲ್ಲಿ ಹಳದಿ, ಗುಲಾಬಿ, ಕಂದು ಎಲ್ಲಾ ಇವೆ. ಕೆಲವಕ್ಕೆ ಚಿಪ್ಪಿನ ಮೇಲೆ ಐದು ಪಟ್ಟೆ, ಕೆಲವಕ್ಕೆ ಒಂದು, ಕೆಲವಕ್ಕೆ ಒಂದೂ ಇಲ್ಲ. ಒಂದೇ ಬೇಲಿ ಕೆಳಗೆ ಎಲ್ಲಾ ಒಟ್ಟಿಗೆ ಬದುಕುತ್ತವೆ. ಯಾಕೆ ಹೀಗೆ?

1940ರ ದಶಕದಲ್ಲಿ ಅನೇಕ ವಿಜ್ಞಾನಿಗಳ ಉತ್ತರ: ಸುಮ್ನೆ ಆಕಸ್ಮಿಕ. ಈ ಬಣ್ಣಗಳಿಂದ ಹುಳುಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದು ಸಣ್ಣ ವಿಷಯ ಅಲ್ಲ. ಈ ಉತ್ತರ ಸರಿಯಾಗಿದ್ರೆ, ಕಣ್ಣಿಗೆ ಕಾಣೋ ಇಂಥ ವ್ಯತ್ಯಾಸದಲ್ಲೂ ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆಗೆ ಕೆಲಸ ಇಲ್ಲ ಅಂತಾಯ್ತು.

ಆಕ್ಸ್‌ಫರ್ಡ್‌ನ ಆರ್ಥರ್ ಕೇನ್ ಮತ್ತು ಫಿಲಿಪ್ ಶೆಪರ್ಡ್ ಇದನ್ನ ಒಪ್ಪಲಿಲ್ಲ. ಅವರಿಗೆ ಸಾಕ್ಷಿ ಕೊಟ್ಟಿದ್ದು ಥ್ರಷ್ ಹಕ್ಕಿ. ಇದು ಬಸವನಹುಳುವನ್ನ ಕೊಕ್ಕಲ್ಲಿ ಹಿಡಿದು ಕಲ್ಲಿಗೆ ಬಡಿದು ಚಿಪ್ಪು ಒಡೆಯುತ್ತೆ. ಮತ್ತೆ ಮತ್ತೆ ಅದೇ ಕಲ್ಲಿಗೆ ಬರುತ್ತೆ. ಹಾಗಾಗಿ ತಿಂದದ್ದರ ಲೆಕ್ಕ ಅಲ್ಲೇ ಬಿದ್ದಿರುತ್ತೆ! ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಸುತ್ತ ಬದುಕಿರೋ ಹುಳುಗಳು ಸ್ಟಾಕ್, ಕಲ್ಲಿನ ಹತ್ರ ಒಡೆದ ಚಿಪ್ಪುಗಳು ಸೇಲ್ಸ್. ಎರಡರಲ್ಲೂ ಬಣ್ಣಗಳ ಪ್ರಮಾಣ ಒಂದೇ ಇದ್ರೆ ಆಕಸ್ಮಿಕ. ಇಲ್ಲದಿದ್ರೆ ಹಕ್ಕಿ ಆರಿಸ್ತಿದೆ.

ಪ್ರಮಾಣ ಒಂದೇ ಇರಲಿಲ್ಲ. ವಸಂತದಲ್ಲಿ ಕಾಡಿನ ನೆಲ ಹಸಿರಾಗ್ತಾ ಹೋದಂತೆ, ಒಡೆದ ಚಿಪ್ಪುಗಳಲ್ಲಿ ಹಳದಿಯ ಪಾಲು ಕಡಿಮೆಯಾಗ್ತಾ ಬಂತು. ಹಸಿರಿನ ನಡುವೆ ಹಳದಿ ಚಿಪ್ಪು ಬೇಗ ಕಾಣಲ್ಲ. 1950 ಮತ್ತು 1954ರಲ್ಲಿ ಇಬ್ಬರೂ ಪ್ರಕಟಿಸಿದ ಲೇಖನಗಳ ಸಾರ ಇಷ್ಟೇ: ಹುಲ್ಲುಗಾವಲಲ್ಲಿ ಹಳದಿ ಜಾಸ್ತಿ, ಎಲೆ ಉದುರಿದ ಬೀಚ್ ಮರಗಳ ಕಾಡಲ್ಲಿ ಕಂದು, ಗುಲಾಬಿ ಜಾಸ್ತಿ.

ಆದ್ರೆ ಇಲ್ಲೇ ಒಂದು ತೊಡಕು. ಒಂದೊಂದು ಜಾಗಕ್ಕೆ ಒಂದೊಂದು ಬಣ್ಣ ಸೂಕ್ತ ಅಂದ್ರೆ, ಉಳಿದ ಬಣ್ಣಗಳು ಅಲ್ಲಿಂದ ಪೂರ್ತಿ ಅಳಿಸಿ ಹೋಗಬೇಕಿತ್ತಲ್ವಾ? ಹೋಗಿಲ್ಲ.

ಇದಕ್ಕೆ ಒಂದು ಉತ್ತರ 1962ರಲ್ಲಿ ಬ್ರಯನ್ ಕ್ಲಾರ್ಕ್ ಕೊಟ್ರು. ಅಕ್ಕಿ ಆರಿಸೋದನ್ನ ನೆನಪಿಸ್ಕೊಳ್ಳಿ. ಕಪ್ಪು ಕಲ್ಲು ಜಾಸ್ತಿ ಇದ್ರೆ ಕಣ್ಣು ಅದಕ್ಕೇ ಹೊಂದಿಕೊಳ್ಳುತ್ತೆ, ಬಿಳಿ ಕಲ್ಲು ತಪ್ಪಿಸ್ಕೊಂಡು ಊಟದಲ್ಲಿ ಹಲ್ಲಿಗೆ ಸಿಗುತ್ತೆ. ಹಕ್ಕಿಯೂ ಹಾಗೇ. ಪದೇ ಪದೇ ಸಿಗೋ ಬಣ್ಣವನ್ನೇ ಹುಡುಕೋಕೆ ಕಲಿಯುತ್ತೆ, ಅಪರೂಪದ ಬಣ್ಣ ಬಚಾವ್ ಆಗುತ್ತೆ. ಬಚಾವ್ ಆದದ್ದು ಮರಿ ಮಾಡಿ ಹೆಚ್ಚಾಗುತ್ತೆ. ಹೆಚ್ಚಾದ ಮೇಲೆ ಹಕ್ಕಿಯ ಕಣ್ಣು ಅದರ ಮೇಲೆ! ಅಷ್ಟರಲ್ಲಿ ಹಳೆಯದು ಅಪರೂಪವಾಗಿರುತ್ತೆ. ಹೀಗೆ ಯಾವ ಬಣ್ಣವೂ ಪೂರ್ತಿ ಗೆಲ್ಲಲ್ಲ, ಯಾವುದೂ ಪೂರ್ತಿ ಸೋಲಲ್ಲ.

1968ರಲ್ಲಿ ಜಾನ್ ಅಲೆನ್ ಜೊತೆ ಸೇರಿ ಕ್ಲಾರ್ಕ್ ಇದನ್ನ ಪರೀಕ್ಷೆ ಮಾಡಿದ್ರು. ಹಸಿರು, ಕಂದು ಬಣ್ಣದ ಹಿಟ್ಟಿನ ತುಂಡುಗಳನ್ನ 9:1 ಪ್ರಮಾಣದಲ್ಲಿ ಹುಲ್ಲಿನ ಮೇಲೆ ಹರಡಿದ್ರು. ಹಕ್ಕಿಗಳು ಹೆಚ್ಚಿಗೆ ಇದ್ದ ಬಣ್ಣವನ್ನ ಅದರ ಪಾಲಿಗಿಂತಲೂ ಜಾಸ್ತಿ ತಿಂದವು. 2002ರಲ್ಲಿ ಅಮೆರಿಕದ ಅಲನ್ ಬಾಂಡ್, ಅಲನ್ ಕಾಮಿಲ್ ಬ್ಲೂ ಜೇ ಹಕ್ಕಿಗಳಿಗೆ ಕಂಪ್ಯೂಟರ್ ಪರದೆ ಮೇಲೆ ಡಿಜಿಟಲ್ ಪತಂಗ ತೋರಿಸಿ ಕುಕ್ಕಿಸಿದ್ರು. ತಪ್ಪಿಸ್ಕೊಂಡ ಪತಂಗಗಳಿಂದ ಮುಂದಿನ ಪೀಳಿಗೆ. ಪೀಳಿಗೆ ಕಳೆದಂತೆ ಪತಂಗಗಳ ವೈವಿಧ್ಯ ಹೆಚ್ಚಾಯ್ತು.

ಬಸವನಹುಳುವಿನ ಬಣ್ಣಕ್ಕೆ ಹಕ್ಕಿ ಒಂದೇ ಕಾರಣ ಅಲ್ಲ, ಬಿಸಿಲು, ಹವಾಮಾನವೂ ಇದೆ. ಆದ್ರೆ ಬ್ರಿಟನ್ನಿನಲ್ಲಿ 1970ರ ನಂತರ ಥ್ರಷ್ ಹಕ್ಕಿಗಳೇ ತುಂಬಾ ಕಡಿಮೆಯಾದವು. ತಿನ್ನೋರು ಇಲ್ದಿದ್ರೆ ಹುಳು ಸುಖವಾಗಿರುತ್ತೆ ಅನ್ಸುತ್ತೆ ಅಲ್ವಾ? ಆದ್ರೆ ಅಪರೂಪದ ಬಣ್ಣಕ್ಕೆ ಸಿಗ್ತಿದ್ದ ಆ ಒಂದು ಲಾಭವೂ ಹಕ್ಕಿ ಜೊತೆಗೇ ಹೋಗುತ್ತೆ.

ಮೊದಲು ಯಾವ ಉತ್ತರ ಸರಿ ಅನ್ಸಿತ್ತು, ಆಕಸ್ಮಿಕನಾ, ಹಕ್ಕಿನಾ? ಕಾಮೆಂಟಲ್ಲಿ ಹೇಳಿ 🐌

#ಇತಿಹಾಸ #ವಿಜ್ಞಾನದಕಥೆ #ಕನ್ನಡ