ಮಾರಿಕುಪ್ಪಂ ಗಣಿಯೂ ಮೋಟಾರು ಸೈಕಲ್ಲಿನ ಟೋಪಿಯೂ

ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗವನ್ನು ಬಿಟ್ಟು ಕವಲೊಡೆಯುವ ರೈಲುದಾರಿ ಹತ್ತು ಮೈಲಿಯಷ್ಟು ಸಾಗಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಅದರಾಚೆಗೆ ಹಳಿಯಿಲ್ಲ. 1890ರ ದಶಕದಲ್ಲಿ ಈ ದಾರಿಯನ್ನು ಹಾಕಿದ್ದು ಚಿನ್ನದ ಗಣಿಗಳಿಗಾಗಿ. ದುಡಿಮೆಯನ್ನರಸಿ ಇಲ್ಲಿ ಬಂದಿಳಿದವನ ಪ್ರಯಾಣ ನಿಲ್ದಾಣದಲ್ಲಿ ಮುಗಿಯುತ್ತಿರಲಿಲ್ಲ. ಅಲ್ಲಿಂದ ಮುಂದೆ ಅದು ನೆಲದೊಳಕ್ಕೆ ತಿರುಗುತ್ತಿತ್ತು. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ ಕಾಲಿಟ್ಟಂದಿನಿಂದ 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ, ನೂರಿಪ್ಪತ್ತು ವರ್ಷ, ಈ ಊರಿನ ಗಂಡಸರು ಪಾಳಿಪಾಳಿಯಾಗಿ ಭೂಮಿಗಿಳಿದು ಹತ್ತಿದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನೂ ಮೀರಿತ್ತು.

ಈಗ ರೈಲಿನ ಕೆಲಸ ತಿರುವುಮುರುವಾಗಿದೆ. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ನಸುಕಿನಲ್ಲೆದ್ದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುತ್ತಾರೆ. ಮನೆಯಿಂದ ನಿಲ್ದಾಣಕ್ಕೆ ಸ್ಕೂಟರು, ಮೋಟಾರು ಸೈಕಲ್ಲು. ಅಪ್ಪ, ತಾತಂದಿರು ಟೋಪಿಯಿಲ್ಲದೆ ಗಣಿಗೆ ಇಳಿಯುವಂತಿರಲಿಲ್ಲ. ಮಕ್ಕಳು ಮೊಮ್ಮಕ್ಕಳಿಗೆ ಅದೇ ಆಜ್ಞೆ ರಸ್ತೆಯಲ್ಲಿ ಬಂದಿದೆ. ಆದರೆ ರಸ್ತೆಯ ಟೋಪಿಯ ಬಗ್ಗೆ ನಾಡಿನಲ್ಲೆಲ್ಲ ಒಂದು ಗೊಣಗಾಟವುಂಟು: ತಲೆ ನನ್ನದು, ಒಡೆದರೆ ನನ್ನದೇ ಒಡೆಯಲಿ, ಸರಕಾರಕ್ಕೇನು? ಈ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಲೋಕದ ದೊಡ್ಡ ದೊಡ್ಡ ನ್ಯಾಯಾಲಯಗಳು ಇದಕ್ಕೆ ತಲೆ ಕೆಡಿಸಿಕೊಂಡಿವೆ. ಉತ್ತರ ಹುಡುಕಲು ಹೊರಡುವ ಮುನ್ನ ಗಣಿಯ ಟೋಪಿಯ ಕಥೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಕೋಲಾರದ ಗಣಿಗೆ ಕುಶಲಕರ್ಮಿಗಳಾಗಿ ಬಂದ ಬಿಳಿಯರಲ್ಲಿ ಹಲವರು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. ತವರದ ಗಣಿಗಳಲ್ಲಿ ಪಳಗಿದ ಜನ. ಉಣ್ಣೆಯನ್ನು ಬಡಿದು ರಾಳದಿಂದ ಗಡುಸು ಮಾಡಿದ ಟೋಪಿ ಅವರ ನಾಡಿನ ರೂಢಿ. ಅದರ ಮುಂಭಾಗಕ್ಕೆ ಜೇಡಿಮಣ್ಣಿನ ಮುದ್ದೆ ಮೆತ್ತಿ ಅದರಲ್ಲಿ ಮೇಣದ ಬತ್ತಿ ನಿಲ್ಲಿಸಿಕೊಳ್ಳುತ್ತಿದ್ದರು. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ಕೂಲಿಕಾರನಿಗೆ ತಲೆಗೆ ಸುತ್ತಿದ ಬಟ್ಟೆಯೇ ಟೋಪಿ. ಒಂದೇ ಬಂಡೆಯ ಕೆಳಗೆ ಎರಡು ಬಗೆಯ ತಲೆಗಳು! ಬಂಡೆಗೆ ಈ ಭೇದ ತಿಳಿಯದು. ಗಡುಸು ಟೋಪಿಯನ್ನು ಕಾರ್ಖಾನೆಯಲ್ಲಿ ತಯಾರಿಸಿ ಎಲ್ಲ ಕೆಲಸಗಾರರಿಗೂ ಕೊಡಬಹುದೆಂಬ ವಿಚಾರ ಹರಡಿದ್ದು ಮೊದಲನೆಯ ಮಹಾಯುದ್ಧದ ಬಳಿಕ. ಅಮೆರಿಕದ ಬುಲ್ಲಾರ್ಡ್ ಎಂಬಾತ 1919ರಲ್ಲಿ ಕ್ಯಾನ್ವಾಸು ಬಟ್ಟೆಯನ್ನು ಅಂಟಿನೊಡನೆ ಹಬೆಯಲ್ಲಿ ಬೇಯಿಸಿ ಒಂದು ಟೋಪಿ ಮಾಡಿ ಮಾರಿದ. ನಮ್ಮ ದೇಶದಲ್ಲಿ ಗಣಿ ಕಾಯಿದೆ 1952ರದು, ಲೋಹಗಣಿಗಳ ನಿಯಮಾವಳಿ 1961ರದು. ಆ ನಿಯಮಾವಳಿಯಲ್ಲಿ ಶಿರಸ್ತ್ರಾಣಕ್ಕೂ ಪಾದರಕ್ಷೆಗೂ ಜಾಗವುಂಟು. ಗಮನಿಸಬೇಕಾದ ಮಾತೆಂದರೆ, ಧರಿಸುವುದು ಕೆಲಸಗಾರನ ಕರ್ತವ್ಯವಾದರೆ ಒದಗಿಸುವುದು ಒಡೆಯನ ಕರ್ತವ್ಯ. ಒಂದು ಕಲಮು ಕೆಳಗಿನವನ ತಲೆಯನ್ನು ಹಿಡಿದರೆ ಇನ್ನೊಂದು ಮೇಲಿನವನ ಕೈಯನ್ನು ಹಿಡಿಯುತ್ತದೆ.

ಟೋಪಿಯಿಂದ ಎಲ್ಲವೂ ಉಳಿಯಿತೆಂದು ಹೇಳಿದರೆ ಗಣಿಯ ಜನ ನಕ್ಕಾರು. ಕೋಲಾರದ ಗಣಿಗಳು ಶಿಲಾಸ್ಫೋಟಕ್ಕೆ ಲೋಕಪ್ರಸಿದ್ಧ. ಬಂಡೆಯ ಒಳಗಿನ ಒತ್ತಡ ತಾಳಲಾರದೆ ಸುರಂಗದ ಗೋಡೆ ಸಿಡಿದು ಬೀಳುವ ಈ ವಿಪತ್ತು ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಇಲ್ಲಿ ಕಾಣಿಸಿಕೊಂಡಿತ್ತು. ಆ ಹೊತ್ತಿನಲ್ಲಿ ತಲೆಯ ಮೇಲೆ ಏನಿದ್ದರೇನು! ಇನ್ನು ಬಂಡೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ಆಗಿ ಎಷ್ಟು ಮನೆಗಳನ್ನು ಬರಿದು ಮಾಡಿತೋ. ಅದನ್ನು ತಡೆಯಬೇಕಾದರೆ ನೀರು ಹಾಯಿಸಿ ಕೊರೆಯಬೇಕು, ಗಾಳಿ ಆಡಿಸಬೇಕು, ಹಣ ಸುರಿಯಬೇಕು. ಟೋಪಿ ಅಗ್ಗ. ಅದು ಉಳಿಸಿದ್ದು ಮೇಲಿನಿಂದ ಉದುರುವ ಚೂರುಕಲ್ಲಿನಿಂದ, ತಗ್ಗುಮಾಡಿನ ಸುರಂಗದಲ್ಲಿ ತಲೆ ತಾಗುವುದರಿಂದ. ಅದೂ ಸಣ್ಣ ಉಪಕಾರವಲ್ಲ.

ಇಂಥ ಆಜ್ಞೆಗಳಿಗೆ ಗಣಿಯ ಜನ ಹೇಗೆ ನಡೆದುಕೊಂಡರು? ಅವರು ತಲೆಬಾಗುವ ಜನವೇನೂ ಆಗಿರಲಿಲ್ಲ. 1930, 1940, 1946ರ ಮುಷ್ಕರಗಳು ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯಲ್ಲಿ ಎದ್ದು ಕಾಣುತ್ತವೆ. ಇವುಗಳಲ್ಲಿ ಯಾವುದೂ ಟೋಪಿಯ ಮೇಲೆ ನಡೆದದ್ದಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು 1930ರ ಏಪ್ರಿಲ್ ತಿಂಗಳಿನದು. ಆ ವರ್ಷ ಕಂಪನಿಗಳು ಒಂದು ಹೊಸ ಏರ್ಪಾಡು ತಂದವು: ಪ್ರತಿಯೊಬ್ಬ ಕೆಲಸಗಾರನೂ ಹೆಸರು ನೋಂದಾಯಿಸಿ ಬೆರಳುಗಳ ಗುರುತನ್ನು ಒತ್ತಿಕೊಡಬೇಕು. ಅದುವರೆಗೆ ಒಂದು ಗಣಿಯಲ್ಲಿ ಮೇಸ್ತ್ರಿಯ ಕೋಪಕ್ಕೆ ತುತ್ತಾಗಿ ಕೆಲಸ ಕಳೆದುಕೊಂಡವನು ಪಕ್ಕದ ಗಣಿಗೆ ಹೋಗಿ ಬೇರೆ ಹೆಸರಿನಲ್ಲಾದರೂ ಸೇರಿಕೊಂಡು ಹೊಟ್ಟೆ ಹೊರೆಯಬಹುದಾಗಿತ್ತು. ಬೆರಳಿನ ಗುರುತು ಆ ಬಾಗಿಲನ್ನು ಮುಚ್ಚಿತು. ಇದರ ಜೊತೆಗೆ ಅವಮಾನ ಬೇರೆ: ಬೆರಳು ಒತ್ತಿಸಿಕೊಳ್ಳುವುದು ಕಳ್ಳರಿಂದ ತಾನೆ? ಚಿನ್ನದ ಗಣಿಯಲ್ಲಿ ದುಡಿಯುವವನನ್ನು ಕಳ್ಳನೆಂದೇ ಎಣಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕುತ್ತಿದ್ದರು. ಅದನ್ನೆಲ್ಲ ನುಂಗಿಕೊಂಡ ಜನ ಇದನ್ನು ನುಂಗಲಿಲ್ಲ. ಗಣಿಗಳು ಸ್ತಬ್ಧವಾದವು.

ಓದು ಬರಹ ಹೆಚ್ಚಾಗಿ ಬಾರದಿದ್ದ ಆ ಜನ ಸ್ವಾತಂತ್ರ್ಯದ ತತ್ತ್ವವನ್ನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಆದರೂ ಎರಡು ಬಗೆಯ ಆಜ್ಞೆಗಳ ನಡುವಣ ವ್ಯತ್ಯಾಸ ಅವರಿಗೆ ತಿಳಿದಿತ್ತೆಂದು ನಾನು ಭಾವಿಸುತ್ತೇನೆ. ಟೋಪಿ ಕಾಯುವುದು ಹಾಕಿಕೊಂಡವನನ್ನು. ಬೆರಳಿನ ಗುರುತು ಕಾಯುವುದು ಒಡೆಯನ ಚಿನ್ನವನ್ನು. ಎರಡೂ ಒಂದೇ ಕಛೇರಿಯಿಂದ ಬರುವ ಹುಕುಮುಗಳೇ. ಆದರೆ ಒಂದನ್ನು ತಲೆಯ ಮೇಲಿಟ್ಟುಕೊಂಡರು, ಇನ್ನೊಂದಕ್ಕೆ ಕೈಕೊಡಲಿಲ್ಲ.

ಗಣಿಯಲ್ಲಿ ಕೂಲಿಗೆ ಒಪ್ಪಿದವನು ಒಡೆಯನ ನಿಯಮಕ್ಕೂ ಒಪ್ಪಿದಂತೆಯೇ, ರಸ್ತೆಯಲ್ಲಿ ನಾನು ಯಾರ ಆಳೂ ಅಲ್ಲವಲ್ಲ ಎಂದು ಓದುಗರು ಕೇಳಬಹುದು. ನ್ಯಾಯವಾದ ಆಕ್ಷೇಪಣೆ. ಇನ್ನು ರಸ್ತೆಗೆ ಬರೋಣ.

ರಸ್ತೆಯ ಟೋಪಿಯ ಕಥೆ ಒಂದು ಸಾವಿನಿಂದ ಮೊದಲಾಗುತ್ತದೆ. ಅರಬ್ಬರ ದಂಗೆಯಲ್ಲಿ ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರು ಸೈಕಲ್ಲಿನಿಂದ ಉರುಳಿ ಕೆಲವು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನಿದ್ದ. ಮುಂದೆ ಯುದ್ಧ ಬಂದು, ಸೈನ್ಯದ ಸಂದೇಶವಾಹಕರು ಕತ್ತಲಲ್ಲಿ ಬೈಕು ಓಡಿಸಿ ತಲೆ ಒಡೆದುಕೊಂಡು ಸಾಯುತ್ತಿದ್ದುದನ್ನು ಆತ ಲೆಕ್ಕವಿಟ್ಟು ಪರಿಶೀಲಿಸಿದ. 1941ರಲ್ಲಿ ಅವನ ಲೇಖನ ಪ್ರಕಟವಾಯಿತು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಸೈನಿಕನಿಗೆ ಆಜ್ಞೆ ಮಾಡುವುದು ಸುಲಭ. ನಾಗರಿಕನಿಗೆ ಮೊದಲು ಆಜ್ಞೆ ಮಾಡಿದ್ದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ, 1961ರಲ್ಲಿ. ಆ ವರ್ಷವೇ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಗಣಿಯ ನಿಯಮಾವಳಿಯ ವರ್ಷವೂ ಅದೇ. ನೆಲದಡಿಯ ತಲೆಗೆ ನಿಯಮ, ಜಾವಾ ಏರಿದ ತಲೆಗೆ ಬರೀ ಗಾಳಿ! ಈ ದೇಶದಲ್ಲಿ ಆ ಗಾಳಿ ಇನ್ನೂ ಹಲವು ವರ್ಷ ಬೀಸಿತು.

ಕಾನೂನು ಬಂದ ಕಡೆಗಳಲ್ಲಿ ವಾದವೂ ಬಂದಿತು. ಸ್ವಾತಂತ್ರ್ಯವಾದಿಗಳ ಕೈಯಲ್ಲಿದ್ದ ಆಯುಧ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಬರೆದ ಗ್ರಂಥ. ಅದರಲ್ಲಿ ಒಂದು ಮುರುಕು ಸೇತುವೆಯ ಉದಾಹರಣೆಯಿದೆ. ಅಪಾಯವನ್ನರಿಯದೆ ಸೇತುವೆಯ ಮೇಲೆ ಹೆಜ್ಜೆಯಿಡುವವನನ್ನು, ಎಚ್ಚರಿಸಲು ಸಮಯವಿಲ್ಲದಿದ್ದರೆ, ಹಿಡಿದು ಎಳೆಯಬಹುದು. ಆದರೆ ಬೀಳುವುದು ಖಂಡಿತವಲ್ಲ, ಅಪಾಯ ಮಾತ್ರವುಂಟು ಎಂದಾದರೆ ತಿಳಿಸಿ ಬಿಟ್ಟುಬಿಡಬೇಕು ಎಂದು ಮಿಲ್ಲನ ಅಭಿಪ್ರಾಯ. ಇದನ್ನು ಹೆಲ್ಮೆಟ್ಟಿಗೆ ಅನ್ವಯಿಸಿದರೆ ಪೊಲೀಸಿನವನು ರಸೀತಿ ಪುಸ್ತಕವನ್ನು ಜೇಬಿಗೆ ಹಾಕಿಕೊಂಡು ಉಪದೇಶ ಮಾತ್ರ ಮಾಡಬೇಕಾಗುತ್ತದೆ. ಅಮೆರಿಕದ ಮಿಷಿಗನ್ ಪ್ರಾಂತದ ಮೇಲ್ಮನವಿ ನ್ಯಾಯಾಲಯ 1968ರಲ್ಲಿ ಹೆಲ್ಮೆಟ್ ಕಾನೂನನ್ನು ತಳ್ಳಿಹಾಕಿತು. 1972ರಲ್ಲಿ ಮ್ಯಾಸಚೂಸೆಟ್ಸಿನ ಮೊಕದ್ದಮೆಯಲ್ಲಿ ತೀರ್ಪು ಎದುರು ದಿಕ್ಕಿಗೆ ಹೋಯಿತು. ಬಿದ್ದವನನ್ನು ರಸ್ತೆಯಿಂದ ಎತ್ತುವುದು ಸಮಾಜ, ಸಾರ್ವಜನಿಕ ಆಸ್ಪತ್ರೆಗೆ ಸೇರಿಸುವುದು ಸಮಾಜ, ಮುಂದೆ ದುಡಿಯಲಾರದೆ ಹೋದರೆ ಅವನ ಸಂಸಾರವನ್ನು ಸಾಕುವುದೂ ಸಮಾಜ. ಹೀಗಿರಲು ನಷ್ಟ ನನ್ನೊಬ್ಬನದೇ ಎಂಬ ಮಾತು ನಿಲ್ಲದು ಎಂದು ಆ ತೀರ್ಪಿನ ತಾತ್ಪರ್ಯ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ಒಂದು ರಾತ್ರಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರಿಟನ್ 1973ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿ, ಮೂರೇ ವರ್ಷಕ್ಕೆ ರುಮಾಲು ಧರಿಸುವ ಸಿಖ್ಖರಿಗೆ ವಿನಾಯಿತಿಯಿತ್ತಿತು.

ಭಾರತದಲ್ಲಿ 1939ರ ಮೋಟಾರು ವಾಹನ ಕಾಯಿದೆಗೆ ಹೆಲ್ಮೆಟ್ಟಿನ ಕಲಮು ಸೇರಿದ್ದು 1977ರ ತಿದ್ದುಪಡಿಯಿಂದ. 1988ರ ಹೊಸ ಕಾಯಿದೆಯಲ್ಲಿ ಅದು 129ನೆಯ ಕಲಮು. ಸಿಖ್ಖರ ರುಮಾಲಿಗೆ ಅಲ್ಲಿಯೂ ವಿನಾಯಿತಿ. ಅದೇ 1988ರಲ್ಲಿ ಅಜಯ್ ಕಾನು ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮ ತನ್ನ ಸಂಚಾರ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆಂಬುದು ಅರ್ಜಿದಾರನ ವಾದ. ನ್ಯಾಯಾಲಯ ಒಪ್ಪಲಿಲ್ಲ. ಸವಾರನ ಜೀವ ಉಳಿಸಲು ಮಾಡಿದ ನಿಯಮ ಸಂಚಾರವನ್ನು ತಡೆಯುವುದಿಲ್ಲ, ಸುಗಮ ಮಾಡುತ್ತದೆ ಎಂಬ ಧಾಟಿಯಲ್ಲಿ ಅರ್ಜಿಯನ್ನು ವಜಾ ಮಾಡಿತು. ಕಾನೂನಿನ ಮಟ್ಟಿಗೆ ಚರ್ಚೆ ಅಲ್ಲಿಗೆ ಮುಗಿದ ಹಾಗೆಯೇ.

ತೀರ್ಪು ಸರಿಯೆಂದೇ ನನಗೆ ತೋರುತ್ತದೆ. 2022ನೆಯ ಇಸವಿಯೊಂದರಲ್ಲೇ ಹೆಲ್ಮೆಟ್ ಧರಿಸದೆ ಅಪಘಾತಕ್ಕೀಡಾಗಿ ಸತ್ತವರು ದೇಶದಲ್ಲಿ 50,029 ಮಂದಿ ಎಂದು ಕೇಂದ್ರ ಸರಕಾರದ ರಸ್ತೆ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ತಲೆ ನನ್ನದು ಎಂದು ವಾದಿಸುವವನು ಸಾಮಾನ್ಯವಾಗಿ ಮುಂದೆ ಕುಳಿತವನು. ಹಿಂದೆ ಕುಳಿತ ಹೆಂಡತಿಯನ್ನೋ ತಂಗಿಯನ್ನೋ ಯಾರೂ ಕೇಳಿದಂತಿಲ್ಲ. ಕರ್ನಾಟಕದಲ್ಲಿ ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ.

ಆದರೂ ನಮ್ಮ ಜನ ಈ ಕಾನೂನನ್ನು ಗಣಿಯ ಟೋಪಿಯಂತೆ ಸ್ವೀಕರಿಸಲಿಲ್ಲ. ಬೆರಳಿನ ಗುರುತಿನಂತೆ ಕಂಡರು. ಮುಷ್ಕರವನ್ನೇನೂ ಹೂಡಲಿಲ್ಲ. ಅದರ ಬದಲು ಅರ್ಧ ಹೆಲ್ಮೆಟ್ ಎಂಬುದೊಂದನ್ನು ಹುಡುಕಿಕೊಂಡರು. ಕಿವಿಯನ್ನೂ ಹಿಂದಲೆಯನ್ನೂ ಬಯಲಿಗೆ ಬಿಟ್ಟು ನೆತ್ತಿಯ ಮೇಲೆ ಮಾತ್ರ ಕೂರುವ ಪ್ಲಾಸ್ಟಿಕ್ ಚಿಪ್ಪು. ರಸ್ತೆಯ ಪಕ್ಕದಲ್ಲಿ ರಾಶಿ ಹಾಕಿ ಮಾರುವ ಸರಕು. ಟೋಪಿ ಹಾಕುವುದು ಎಂಬ ಮಾತಿಗೆ ಕನ್ನಡದಲ್ಲಿ ಇರುವ ಎರಡನೆಯ ಅರ್ಥ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. 2018ರ ಆರಂಭದಲ್ಲಿ ಮೈಸೂರಿನ ಪೊಲೀಸರು ಇವನ್ನು ಸವಾರರ ತಲೆಯಿಂದಲೇ ತೆಗೆಸಿ ವಶಪಡಿಸಿಕೊಂಡರು. 2021ರ ಜೂನ್ ಒಂದರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ದೇಶದಲ್ಲೆಲ್ಲ ಅಪರಾಧವಾಯಿತು. ಕಡ್ಡಾಯ ಮೊದಲು ಬಂದು, ಕಡ್ಡಾಯವಾದ ವಸ್ತು ಗಟ್ಟಿಯಾಗಿರಬೇಕೆಂಬ ನಿಯಮ ಹಿಂದಿನಿಂದ ಬಂದಿತೆನ್ನಿ.

ಅರ್ಧ ಹೆಲ್ಮೆಟ್ಟು ತಲೆಗಾಗಿ ಹಾಕಿದ್ದಲ್ಲ, ದಂಡಕ್ಕಾಗಿ ಹಾಕಿದ್ದು. ದಂಡ ಕಟ್ಟುವವನಿಗೆ ಆಜ್ಞೆಯ ಒಂದು ಕೈ ಮಾತ್ರ ಕಾಣುತ್ತದೆ. ಗಣಿಯಲ್ಲಿ ಟೋಪಿ ಕೊಡಬೇಕಾದವನು ಯಾರು, ಮಾಡಿಗೆ ಆನಿಕೆ ನಿಲ್ಲಿಸಬೇಕಾದವನು ಯಾರು ಎಂಬುದು ಬರವಣಿಗೆಯಲ್ಲಿತ್ತು. ಒಡೆಯ ಅದನ್ನು ಪೂರ್ತಿ ನಡೆಸದಿದ್ದರೂ ಕೇಳಲು ಒಂದು ಆಧಾರವಿತ್ತು. ರಸ್ತೆಯಲ್ಲಿ ಸವಾರ ತನ್ನ ಹಣದಿಂದಲೇ ಟೋಪಿ ಕೊಳ್ಳಬೇಕು. ಗುಂಡಿ ಮುಚ್ಚಬೇಕಾದವರು, ದೀಪ ಹಾಕಬೇಕಾದವರು, ತಿರುವಿನಲ್ಲಿ ಜಲ್ಲಿ ಸುರಿದು ಹೋದವರು ಅವನ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಅವರ ಮೇಲೆ ಕಾನೂನೇ ಇಲ್ಲವೆಂದಲ್ಲ. 2019ರ ತಿದ್ದುಪಡಿ ಹೆಲ್ಮೆಟ್ಟಿಲ್ಲದ ಸವಾರನ ದಂಡವನ್ನು 1000 ರೂಪಾಯಿಗೆ ಏರಿಸಿ, ಮೂರು ತಿಂಗಳು ಲೈಸೆನ್ಸ್ ಕಳೆದುಕೊಳ್ಳುವ ಶಿಕ್ಷೆಯನ್ನೂ ಸೇರಿಸಿತು. ಕೂಗೆದ್ದು ಕರ್ನಾಟಕ ಸರಕಾರ ಅದೇ ವರ್ಷ ದಂಡವನ್ನು 500 ರೂಪಾಯಿಗೆ ಇಳಿಸಿತು. ಇದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ 198ಎ ಎಂಬ ಇನ್ನೊಂದು ಕಲಮು ಉಂಟು. ರಸ್ತೆಯ ವಿನ್ಯಾಸದಲ್ಲಾಗಲಿ ನಿರ್ಮಾಣದಲ್ಲಾಗಲಿ ದುರಸ್ತಿಯಲ್ಲಾಗಲಿ ಗೊತ್ತುಮಾಡಿದ ಮಟ್ಟವನ್ನು ಪಾಲಿಸದೆ, ಅದರಿಂದ ಒಬ್ಬನು ಸತ್ತರೆ ಇಲ್ಲವೆ ಅಂಗವಿಕಲನಾದರೆ, ಹೊಣೆಹೊತ್ತ ಅಧಿಕಾರಿ ವರ್ಗವಾಗಲಿ, ಗುತ್ತಿಗೆದಾರನಾಗಲಿ, ಸಲಹೆಗಾರನಾಗಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ತೆರಬೇಕೆಂದು ಅದು ಹೇಳುತ್ತದೆ. ಬೆಳಗಿನ ರೈಲಿಗೆ ಹೊತ್ತಾಯಿತೆಂದು ಮಾರಿಕುಪ್ಪಂ ನಿಲ್ದಾಣಕ್ಕೆ ಗಾಡಿ ಓಡಿಸುವವರಲ್ಲಿ ಈ ಕಲಮಿನ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು?